ಮೇ ತಿಂಗಳಿಗೆ ಎತ್ತಿಟ್ಟಿದ್ದು

ಪುಷ್ಪಾ ಕೊಟ್ಟ ಕಾಫಿ ಲೋಟವನ್ನು ಕೆಂಚಮ್ಮ ಎರಡೂ ಕೈಯಲ್ಲಿ ಹಿಡಿದಳು. ಆದರೂ ಅರ್ಧ ಕಾಫಿ ಸೆರಗಿನ ಮೇಲೆ ಚೆಲ್ಲಿತು.

"ನೋಡವ್ವ, ಕೈಗೆ ದೆವ್ವ ಮೆಟ್ಕೊಂಡೈತೆ. ಸುಮ್ಕಿರು ಅಂದ್ರೂ ಕೇಳಲ್ಲ," ಎಂದು ತಾನೇ ನಕ್ಕಳು.

ಪುಷ್ಪಾ ನಗಲಿಲ್ಲ. ಜಗಲಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಬರೆಯುತ್ತಿದ್ದ ಅವಳ ಗಂಡ ಮೃತ್ಯುಂಜಯ ತಲೆ ಎತ್ತಲಿಲ್ಲ. ಅವನ ಪೆನ್ನು ಒಂದೇ ಅಕ್ಷರದ ಮೇಲೆ ನಿಂತು ಮಸಿ ಕಕ್ಕುತ್ತಿತ್ತು.

ಕೆಂಚಮ್ಮ ಆನೇಮಹಲ್ಲಿನಾಚೆಯ ಎಸ್ಟೇಟಿನ ಆಳು. ಹಾಸನದ ಆಸ್ಪತ್ರೆಯಿಂದ ಹಿಂದಿನ ವಾರವಷ್ಟೇ ಆಳುಗಳ ಸಾಲುಮನೆಗೆ, ಲೈನಿಗೆ ಬಂದಿದ್ದಳು. ಏಪ್ರಿಲ್‌ನಲ್ಲಿ ಕಾಫಿ ಗಿಡಗಳಿಗೆಲ್ಲ ಕಾಂಡ ಕೊರೆಯುವ ಬೋರರ್ ಹುಳದ ಹೊಸ ಔಷಧಿ ಬಳಿದಿದ್ದರು. ಔಷಧಿ ಮುಗಿದ ಒಂದು ನೀಲಿ ಡಬ್ಬವನ್ನು ಅವಳು ಸ್ಟೋರಿನಲ್ಲಿ ಕೇಳಿ ಪಡೆದು, ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಮಾರನೇ ದಿನ ಅದರಲ್ಲೇ ಕುಡಿಯುವ ನೀರು ತುಂಬಿಕೊಂಡು ತೋಟಕ್ಕೆ ಹೋಗಿದ್ದಳು. ಮಧ್ಯಾಹ್ನ ಬಾಯಲ್ಲಿ ನೊರೆ ಬಂದು ಗಿಡದ ಬುಡದಲ್ಲಿ ಬಿದ್ದಿದ್ದಳು. ಜೀವ ಉಳಿಯಿತು. ಕೈ ಹೀಗಾಯಿತು.

"ಹಣ್ಣು ಕೀಳೋಕ್ ಬರಲ್ಲ, ಕತ್ತಿ ಹಿಡಿಯೋಕ್ ಬರಲ್ಲ. ಮೇಸ್ತ್ರಿ ತಿಮ್ಮಯ್ಯ ಹೇಳ್ಬುಟ್ಟ, ಕೈ ಸರಿಯಾದ್ಮೇಲೆ ಬಾ ಅಂತ. ಯಾವಾಗ್ ಸರಿಯಾಗ್ತೀಯಪ್ಪ ಅಂತ ಕೈಯನ್ನೇ ಕೇಳ್ಬೇಕು ನಾನು." ಕೆಂಚಮ್ಮ ಉಳಿದ ಕಾಫಿಯನ್ನು ಗಟಗಟನೆ ಕುಡಿದು ಲೋಟ ಕೆಳಗಿಟ್ಟಳು. "ಒಂದ್ ಒಳ್ಳೇದಾಯ್ತು ಕಣವ್ವ. ನಾನ್ ನಿಂಗ್ ಕೊಟ್ಟಿದ್ದ ಅಂಥದೇ ಡಬ್ಬ ತೂತಾಯ್ತು ಅಂದ್ಯಲ್ಲ. ದೇವ್ರು ದೊಡ್ಡೋನು. ನಿಮ್ಮನೇಲಿ ಏನಾರ ಆಗಿದ್ರೆ ನಾನ್ ಹೆಂಗ್ ಮುಖ ತೋರಿಸ್ಲಿ?"

ಅವಳು ಎದ್ದು ಹೋದ ಮೇಲೆ ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪುಷ್ಪಾ ಲೋಟ ತೆಗೆದುಕೊಂಡು ಒಳಗೆ ಹೋದವಳು ಅದನ್ನು ತೊಳೆಯುತ್ತಲೇ ಇದ್ದಳು.

ಮೃತ್ಯುಂಜಯ ಮೊದಲು ಅದೇ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ ಹಾಕುವುದು, ಸ್ಟೋರಿನ ಲೆಕ್ಕ ನೋಡುವುದು, ಸಾಹುಕಾರರ ಇಂಗ್ಲಿಷ್ ಕಾಗದಗಳಿಗೆ ಉತ್ತರ ಬರೆಯುವುದು ಅವನ ಕೆಲಸ. ಒಂದು ಸಲ ಸಾಹುಕಾರರ ಜೊತೆ ಜಗಳವಾಗಿ ಬೀಗದ ಕೈ ಮೇಜಿನ ಮೇಲೆ ಎಸೆದು ಬಂದ. ಆಮೇಲೆ ಕೈ ಹಿಡಿದದ್ದು ಅನುವಾದ. ಸಕಲೇಶಪುರದ ವಕೀಲರಿಗೆ ಕನ್ನಡದ ಕಾಗದಗಳನ್ನು ಇಂಗ್ಲಿಷಿಗೆ ಮಾಡಿಕೊಡುತ್ತಿದ್ದ. ಬೆಂಗಳೂರಿನ ಕಂಪನಿಗಳ ಇಂಗ್ಲಿಷ್ ಪುಸ್ತಿಕೆಗಳನ್ನು ಕನ್ನಡಕ್ಕೆ ತರುತ್ತಿದ್ದ. ಕೆಲಸವೇನೋ ಅವನಿಗೆ ಒಗ್ಗಿತು. ಆದರೆ ಅದಕ್ಕೆ ಹೊತ್ತುಗೊತ್ತು ಎಂಬುದಿರಲಿಲ್ಲ. ಬಂದರೆ ಪುಬ್ಬಾ ಮಳೆಯ ಹಾಗೆ ಒಂದರ ಮೇಲೊಂದು ಬೀಳುವುದು, ಕಣ್ಣು ಕೆಂಪಾಗುವಷ್ಟು ಬರೆಯಬೇಕು. ಹೋದರೆ ಎರಡು ಮೂರು ತಿಂಗಳು ಒಂದು ಹಾಳೆಯೂ ಇಲ್ಲ. ಆಗ ಅಂಗಡಿ ಬಸವಯ್ಯ ಕಂಡರೆ ರಸ್ತೆಯ ಆಚೆ ಬದಿಗೆ ಹೋಗಬೇಕು. ಆಳುಗಳಿಗಾದರೂ ವಾರದ ಬಟವಾಡೆ ಉಂಟು, ಮೇಷ್ಟ್ರುಗಳಿಗೆ ಒಂದನೇ ತಾರೀಕು ಉಂಟು. ತನಗೆ ಯಾವುದೂ ಇಲ್ಲವಲ್ಲ ಎಂದು ಅವನಿಗೆ ಹೊಟ್ಟೆಯಲ್ಲಿ ಉರಿ.

ದಾರಿ ತೋರಿಸಿದವಳು ಪುಷ್ಪಾ. ಅವಳು ಪಾಳ್ಯದ ಬೇಸಾಯಗಾರರ ಮನೆಯವಳು. ಬಾಯಿ ಜೋರು, ಬುದ್ಧಿ ಅದಕ್ಕಿಂತ ಜೋರು.

"ಅಲ್ಲ ಕಣ್ರೀ, ಬಂದ ಕೆಲ್ಸಾನೆಲ್ಲ ಮುಗಿಸಿ ಅವತ್ತೇ ಓಡೋಗಿ ಕೊಟ್ಟು ಬರ್ತೀರಲ್ಲ, ನಿಮ್ಮನ್ನೇನು ನಾಯಿ ಅಟ್ಟಿಸ್ಕೊಂಡು ಬರುತ್ತಾ?" ಎಂದಿದ್ದಳು ಒಂದು ದಿನ. "ನಮ್ಮಪ್ಪ ಒಕ್ಕಣೆ ಆದ ದಿನವೇ ಭತ್ತಾನೆಲ್ಲ ಮಾರಿದ್ದಿದ್ರೆ ಆಷಾಢದಲ್ಲಿ ನಾವೇನ್ ಮಣ್ಣು ತಿನ್ನಬೇಕಿತ್ತಾ? ಗಾಳಿ ಬಂದಾಗ ತೂರ್ಕೊಳ್ಳಿ, ಬೇಡ ಅನ್ನಲ್ಲ. ತೂರಿದ್ದನ್ನ ಕಣಜಕ್ಕೆ ಹಾಕಿ. ಕೈ ಒಣಗಿದ ತಿಂಗಳು ತೆಗೀರಿ."

ಮೃತ್ಯುಂಜಯ ಹಾಗೇ ಮಾಡಿದ. ಕೆಲಸ ಬಂದಾಗ ಬೇಗ ಮುಗಿಸುವುದು, ಮುಗಿದದ್ದನ್ನು ಕಬ್ಬಿಣದ ಟ್ರಂಕಿನಲ್ಲಿ ಇಡುವುದು. ಇದು ಈ ತಿಂಗಳಿಗೆ, ಇದು ಮುಂದಿನದಕ್ಕೆ, ಇದು ಅದರಾಚೆಯದಕ್ಕೆ. ಪ್ರತಿ ಒಂದನೇ ತಾರೀಕು ಒಂದೊಂದನ್ನೇ ತೆಗೆದು ಸಕಲೇಶಪುರದ ಶಫಿಯ ಅಂಗಡಿಗೆ ಒಯ್ಯುತ್ತಿದ್ದ. ಒಪ್ಪಿಸಿದ ಮೇಲೇ ದುಡ್ಡು ಬರುವುದು. ಶಫಿಯದು ಎಸ್‌ಟಿಡಿ, ಜೆರಾಕ್ಸ್, ಕೊರಿಯರ್ ಎಲ್ಲ ಒಂದೇ ಮಳಿಗೆಯಲ್ಲಿ.

"ಬಂದ್ರು ನೋಡಿ, ಒಂದನೇ ತಾರೀಕಿನ ಸಾಹೇಬ್ರು," ಎನ್ನುತ್ತಿದ್ದ ಶಫಿ. "ಸರ್ಕಾರಿ ಖಜಾನೆ ಬೇಕಾದ್ರೆ ಲೇಟಾಗ್ಲಿ, ನೀವು ಲೇಟಾಗಲ್ಲ ಮಾರಾಯ್ರೆ."

ಮನೆ ನೆಟ್ಟಗಾಯಿತು. ಮಗಳ ಹಾಸ್ಟೆಲಿನಿಂದ ಜ್ಞಾಪನೆಯ ಕಾಗದ ಬರುವುದು ನಿಂತಿತು. ಬಸವಯ್ಯ ತಾನೇ ಕರೆದು ಬೆಲ್ಲ ಚೆನ್ನಾಗಿದೆ ಬನ್ನಿ ಎನ್ನತೊಡಗಿದ. ಕಾಯುವವರು ಕಾದರು, ಒಬ್ಬರಿಗೂ ನಷ್ಟವಾಗಲಿಲ್ಲ. ಹಾಗಂತ ಮೃತ್ಯುಂಜಯ ತಿಳಿದಿದ್ದ.

ಆ ವರ್ಷ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಔಷಧಿ ಕಂಪನಿಯೊಂದು ಬೋರರ್ ಹುಳದ ಹೊಸ ಔಷಧಿಯ ಪುಸ್ತಿಕೆ ಕಳಿಸಿತು. ಬಳಸುವ ಬಗೆ, ಎಚ್ಚರಿಕೆಯ ಮಾತುಗಳು. ಕನ್ನಡ ಬಂದ ಕೂಡಲೇ ಎಸ್ಟೇಟುಗಳಿಗೆಲ್ಲ ಕಳಿಸುತ್ತೇವೆ, ಅಂಥ ಅರ್ಜೆಂಟಿಲ್ಲ, ಆದಷ್ಟು ಬೇಗ ಕೊಡಿ ಎಂದಿದ್ದರು. ಮೃತ್ಯುಂಜಯ ಮನಸ್ಸಿಟ್ಟು ಮಾಡಿದ. ಓದುಬಾರದ ಆಳಿಗೂ ಕಿವಿಯಲ್ಲಿ ಕೇಳಿದರೆ ತಿಳಿಯಬೇಕು ಎಂದು ಒಂದೊಂದು ವಾಕ್ಯವನ್ನೂ ತಾನೇ ಗಟ್ಟಿಯಾಗಿ ಹೇಳಿ ನೋಡಿ ಬರೆದ. ತಾನು ರೈಟರ್ ಆಗಿದ್ದಾಗ ಕನ್ನಡದಲ್ಲಿ ಯಾವ ಕಾಗದ ಬಂದರೂ ಬೆಳಿಗ್ಗೆ ಹಾಜರಿಯ ಹೊತ್ತಿನಲ್ಲಿ ಆಳುಗಳ ಮುಂದೆ ಓದುತ್ತಿದ್ದ. ಅವನ ನಂತರ ರೈಟರ್ ಆದ ಮಹೇಶನೂ ಅದನ್ನೇ ನಡೆಸಿಕೊಂಡು ಬಂದಿದ್ದ. ಇದನ್ನೂ ಹಾಗೇ ಓದುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

ಕೊನೆಯ ಪುಟಕ್ಕೆ ಬಂದ. "ಈ ಔಷಧಿಯ ಡಬ್ಬ ಖಾಲಿಯಾದ ಮೇಲೆ ಎಷ್ಟು ತೊಳೆದರೂ ವಿಷ ಹೋಗುವುದಿಲ್ಲ. ನೀರಿಗೆ, ಮಜ್ಜಿಗೆಗೆ, ಉಪ್ಪಿಗೆ, ಯಾವುದಕ್ಕೂ ಬಳಸಬೇಡಿ. ತೂತು ಹೊಡೆದು ಹೂಳಿಬಿಡಿ." ಅಷ್ಟು ಬರೆದವನು ಪೆನ್ನಿನ ಟೋಪಿ ಕೂಡ ಹಾಕದೆ ಎದ್ದು ಅಡಿಗೆಮನೆಗೆ ನುಗ್ಗಿದ. ಹಲಗೆಯ ಮೇಲೆ ನೀಲಿ ಡಬ್ಬ ಇತ್ತು. ಹಿಂದಿನ ಕಾರ್ತಿಕದಲ್ಲಿ ಎಸ್ಟೇಟಿನವರು ಇದೇ ಔಷಧಿಯನ್ನು ತೋಟದ ಒಂದು ಪಟ್ಟಿಗೆ ಬಳಿದು ನೋಡಿದ್ದರು. ಆಗ ಸ್ಟೋರಿನಿಂದ ಸಿಕ್ಕ ಡಬ್ಬವನ್ನು ಕೆಂಚಮ್ಮ ತಾನಿಟ್ಟುಕೊಳ್ಳದೆ ಪುಷ್ಪಾಗೆ ತಂದುಕೊಟ್ಟಿದ್ದಳು. ಗಟ್ಟಿ ಮುಚ್ಚಳ, ಇರುವೆ ಹೋಗುವುದಿಲ್ಲ. ಅಂಥ ಡಬ್ಬಕ್ಕೆ ಲೈನಿನ ಹೆಂಗಸರು ಜಗಳವಾಡುತ್ತಾರೆ. ಪುಷ್ಪಾ ಅದರಲ್ಲಿ ಆ ವಾರವಷ್ಟೇ ಹೊಸ ಹುಣಸೆಹಣ್ಣು ತುಂಬಿಟ್ಟಿದ್ದಳು.

"ತೆಗಿ, ತೆಗಿ ಆಚೆಗೆ! ಇದರಿಂದ ತೆಗೆದು ಸಾರಿಗೆ ಹಾಕಿದ್ಯಾ?" ಎಂದು ಕೂಗಿದ.

"ಇನ್ನೂ ಇಲ್ಲ ಕಣ್ರೀ, ಏನಾಯ್ತು?" ಎಂದು ಹೆದರಿದ ಪುಷ್ಪಾ ವಿಷಯ ಕೇಳಿದವಳೇ ಹುಣಸೆಹಣ್ಣನ್ನು ಹಿತ್ತಿಲ ಗುಂಡಿಗೆ ಸುರಿದಳು. ಅವನು ಡಬ್ಬಕ್ಕೆ ಗುದ್ದಲಿಯಲ್ಲಿ ಹೊಡೆದು ಅದರ ಮೇಲೆ ಮಣ್ಣೆಳೆದ. ಕೈಕಾಲು ತೊಳೆದುಕೊಂಡು ಬಂದ. ಕೊನೆಯ ಪುಟದ ಅಡಿಯಲ್ಲಿ ಎಂದಿನ ಅಭ್ಯಾಸದಂತೆ ಅವತ್ತಿನ ತಾರೀಕು ಹಾಕಿದ. ಆಮೇಲೆ ಹಾಳೆಗಳನ್ನು ಜೋಡಿಸಿ ಟ್ರಂಕಿನಲ್ಲಿಟ್ಟ. ಏಪ್ರಿಲ್‌ಗೆ ವಕೀಲರ ಕಾಗದಗಳಿದ್ದವು. ಇದು ಮೇ ತಿಂಗಳಿಗೆ.

ಎರಡು ದಿನ ಬಿಟ್ಟು ಕೆಂಚಮ್ಮ ಬಂದು ಜಗಲಿಯಲ್ಲಿ ಕೂತು, ಡಬ್ಬ ಹೆಂಗೈತವ್ವ ಎಂದು ಕೇಳಿದಳು. ಕೊಟ್ಟದ್ದನ್ನು ಎಸೆದೆವು ಎಂದರೆ ನೊಂದುಕೊಳ್ಳುತ್ತಾಳೆ ಎಂದು ಪುಷ್ಪಾ, "ತೂತಾಗೋಯ್ತು ಕಣೆ," ಎಂದಳು. ಮೃತ್ಯುಂಜಯ ಅಲ್ಲೇ ಮೇಜಿನ ಮುಂದೆ ಕೂತಿದ್ದ. ಅವನೂ ಹೌದು ಎಂದು ತಲೆಯಾಡಿಸಿದ.

ಕೆಂಚಮ್ಮ ತೋಟದಲ್ಲಿ ಬಿದ್ದಳು ಎಂಬ ಸುದ್ದಿ ಬಂದ ದಿನ ಅವನು ಟ್ರಂಕು ತೆಗೆದು, ಸಿಕ್ಕ ಬಸ್ಸು ಹತ್ತಿ ಶಫಿಯ ಅಂಗಡಿಗೆ ಓಡಿದ್ದ.

"ಇದೇನ್ ಸಾರ್, ಇವತ್ತು ಒಂದನೇ ತಾರೀಕಲ್ವಲ್ಲ?" ಎಂದು ನಕ್ಕ ಶಫಿ ಅವನ ಮುಖ ನೋಡಿ ನಗು ನುಂಗಿಕೊಂಡು ಕವರಿಗೆ ಅಂಟು ಹಾಕಿದ.

ಈಗ ಮೇ ತಿಂಗಳು. ಕೆಂಚಮ್ಮ ಕಾಫಿ ಚೆಲ್ಲಿಕೊಂಡು ಹೋದ ಮಾರನೇ ದಿನವೇ ಶಫಿ ಹೇಳಿ ಕಳಿಸಿದ, ಬೆಂಗಳೂರಿನಿಂದ ಫೋನು ಬರುತ್ತದೆ, ಬಂದು ಕಾದಿರಿ ಎಂದು.

ಫೋನಿನಲ್ಲಿ ಕಂಪನಿಯ ಸುಮನಾ ಎಂಬ ಅಧಿಕಾರಿ. ದನಿ ಬಹಳ ನಯ. "ಮೃತ್ಯುಂಜಯ ಅವರೇ, ನಿಮ್ಮ ಕನ್ನಡ ಎಲ್ಲರಿಗೂ ಇಷ್ಟವಾಯಿತು. ಇನ್ನು ಮೇಲೆ ನಮ್ಮ ಎಲ್ಲ ಪುಸ್ತಿಕೆಗಳನ್ನೂ ನಿಮಗೇ ಕೊಡೋಣ ಅಂತಿದ್ದೇವೆ. ತಿಂಗಳಿಗಿಷ್ಟು ಅಂತ ಗೊತ್ತು ಮಾಡಿಬಿಡೋಣ. ಕೆಲಸ ಇರಲಿ, ಇಲ್ಲದಿರಲಿ, ಒಂದನೇ ತಾರೀಕಿಗೆ ಚೆಕ್ ಬರುತ್ತದೆ."

ಮೃತ್ಯುಂಜಯ ಗಾಜಿನ ಗೂಡಿನ ಗೋಡೆಗೆ ಕೈಯೂರಿದ. ಕೆಲಸ ಇರಲಿ, ಇಲ್ಲದಿರಲಿ. ಈ ಮಾತಿಗಾಗಿ ಅವನು ಎಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದ.

"ಒಂದು ಸಣ್ಣ ಉಪಕಾರ ಆಗಬೇಕು," ಎಂದಳು ಸುಮನಾ. "ನಿಮ್ಮ ಕಡೆ ಯಾರೋ ಹೆಂಗಸಿಗೆ ಹುಷಾರಿಲ್ಲದೆ ಆಯಿತಂತಲ್ಲ, ಅದರ ವಿಚಾರಣೆ ಇದೆ. ಅನುವಾದ ಮಾರ್ಚ್‌ನಲ್ಲೇ ಮುಗಿದಿತ್ತು ಅಂತ ನೀವೊಂದು ಕಾಗದ ಬರೆದು ಕೊಡಿ. ಕೊನೆಯ ಪುಟದಲ್ಲಿ ನೀವೇ ತಾರೀಕು ಹಾಕಿದ್ದೀರಲ್ಲ. ಸುಳ್ಳೇನೂ ಬರೆಯಬೇಕಾಗಿಲ್ಲ."

"ಆದ್ರೆ ನಿಮಗೆ ಕಳಿಸಿದ್ದು..."

"ಕಳಿಸಿದ ವಿಷಯ ಬೇಡ. ಮುಗಿದ ವಿಷಯ ಸಾಕು. ಉಳಿದದ್ದು ನಾವು ನೋಡಿಕೊಳ್ಳುತ್ತೇವೆ."

ಮನೆಗೆ ಬಂದು ಹೇಳಿದಾಗ ಪುಷ್ಪಾಳ ಮುಖ ಒಂದು ಗಳಿಗೆ ಅರಳಿತು. "ತಿಂಗಳು ತಿಂಗಳಾ? ಕೆಲ್ಸ ಇಲ್ದಿದ್ರೂನಾ? ಬರ್ದು ಕೊಡಿ ಮತ್ತೆ. ಮಾರ್ಚಲ್ಲಿ ಮುಗಿದಿದ್ದು ನಿಜ ತಾನೆ?"

"ನಿಜ."

"ನಿಜ ಬರೆಯೋಕೆ ನಿಮಗ್ಯಾಕೆ ಕೈ ನಡುಗ್ಬೇಕು?" ಅಂದವಳು ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದಳು.

ಸಂಜೆ ರೈಟರ್ ಮಹೇಶ ಸೈಕಲ್ಲಿನಲ್ಲಿ ಬಂದ. ಒಳಗೂ ಬಾರದೆ ಅಂಗಳದಲ್ಲೇ ನಿಂತ. ಅವನ ಕಣ್ಣು ಕೆಂಪಾಗಿತ್ತು.

"ಅಣ್ಣ, ಸಾವ್ಕಾರ್ರು ನನ್ನ ಕೆಲ್ಸದಿಂದ ತೆಗೀತೀನಿ ಅಂತವ್ರೆ. ಪುಸ್ತಕ ಮಾರ್ಚಲ್ಲೇ ತಯಾರಾಗಿತ್ತು, ಜೆರಾಕ್ಸ್ ಮಾಡಿ ಎಸ್ಟೇಟಿಗೆ ಕಳಿಸಿದ್ವಿ, ನಿಮ್ಮ ರೈಟರ್ ಓದ್ದೆ ಬಿಸಾಕಿದಾನೆ ಅಂತ ಕಂಪನಿಯವ್ರು ಹೇಳ್ತವ್ರಂತೆ. ನಂಗೆ ಬಂದಿಲ್ಲ ಅಣ್ಣ. ನಮ್ಮಮ್ಮನಾಣೆಗೂ ಬಂದಿಲ್ಲ. ಬಂದಿದ್ರೆ ಓದ್ತಿರ್ಲಿಲ್ವಾ? ಹಾಜರಿ ಹೊತ್ತಲ್ಲಿ ಓದ್ಬೇಕು ಅಂತ ನಂಗೆ ಹೇಳ್ಕೊಟ್ಟೋರೇ ನೀವು."

"ಗೊತ್ತು," ಎಂದ ಮೃತ್ಯುಂಜಯ.

"ಕೆಂಚಮ್ಮ ನನ್ನ ಎತ್ತಾಡಿಸಿದೋಳು. ಡಬ್ಬ ಕೊಟ್ಟಿದ್ದೂ ನಾನೇ, ಸ್ಟೋರಿಂದ ಈ ಕೈಯಾರೆ. ಗೊತ್ತಿದ್ದು ಕೊಟ್ನಾ ನಾನು?"

"ಗೊತ್ತಿದ್ದೋನು ನೀನಲ್ಲ ಮಹೇಶ," ಎಂದ ಮೃತ್ಯುಂಜಯ. "ನಾಳೆ ಹಾಜರಿಗೆ ನಾನೂ ಬರ್ತೀನಿ. ಎಲ್ಲರನ್ನೂ ನಿಲ್ಸಿರು. ಕೆಂಚಮ್ಮನ್ನೂ ಕರಿ."

ಮಹೇಶ ಹೋದ ಮೇಲೆ ಅವನು ಕಂಪನಿಗೆ ಕಾಗದ ಬರೆದ. ಅನುವಾದ ಮಾರ್ಚ್‌ನಲ್ಲಿ ಮುಗಿಯಿತು ಎಂದು ಬರೆದ. ಅದು ಕೆಂಚಮ್ಮ ಬೀಳುವ ದಿನದವರೆಗೆ ನನ್ನ ಮನೆಯ ಟ್ರಂಕಿನಲ್ಲೇ ಇತ್ತು, ಕಂಪನಿಗಾಗಲಿ ಎಸ್ಟೇಟಿಗಾಗಲಿ ಅದಕ್ಕೆ ಮೊದಲು ಒಂದು ಹಾಳೆಯೂ ಹೋಗಿಲ್ಲ ಎಂದೂ ಬರೆದ. ಪುಷ್ಪಾ ಬೆನ್ನ ಹಿಂದೆ ನಿಂತು ಓದಿದಳು.

"ಹೋಯ್ತು ಬಿಡಿ ಒಂದನೇ ತಾರೀಕು," ಎಂದಳು. ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆ ಎಂದು ಅವಳಿಗೂ ಗೊತ್ತಿರಲಿಲ್ಲ. ಕಾಗದ ಮಡಿಸುತ್ತಾ, "ನಾಳೆ ನಾನೂ ಬರ್ತೀನಿ. ಕಣಜದ ಮಾತು ಆಡಿದೋಳು ನಾನು. ಹುಣಸೆಹಣ್ಣು ಸುರಿದೋಳೂ ನಾನು," ಎಂದಳು.

ಬೆಳಿಗ್ಗೆ ಸ್ಟೋರಿನ ಮುಂದಿನ ಕಣದಲ್ಲಿ ಆಳುಗಳು ಕಂಬಳಿ ಕೊಪ್ಪೆ ಹೊದ್ದು ನಿಂತಿದ್ದರು. ಮಹೇಶ ಹೆಸರು ಕೂಗಿ ಮುಗಿಸಿದ. ಕೆಂಚಮ್ಮನ ಹೆಸರು ಅದರಲ್ಲಿರಲಿಲ್ಲ. ಅವಳು ಪಕ್ಕದ ಕಲ್ಲಿನ ಮೇಲೆ ಕೈಗಳನ್ನು ಮಡಿಲಲ್ಲಿ ಹುದುಗಿಸಿಕೊಂಡು ಕೂತಿದ್ದಳು. ಹಳೆಯ ರೈಟರನ್ನು ಕಂಡು ಕೆಲವರು ನಕ್ಕರು. "ರೈಟ್ರಪ್ಪ ವಾಪಸ್ ಬಂದ್ಬುಟ್ರು, ಇನ್ ಮೇಲೆ ಅರ್ಧ ದಿನ ಗೇಯ್ದು ಪೂರ್ತಿ ಹಾಜರಿ ಹಾಕ್ಸೋ ಆಟ ನಡೆಯಲ್ಲ ಕಣ್ರೋ," ಎಂದ ತಿಮ್ಮಯ್ಯ.

ಮೃತ್ಯುಂಜಯ ಮೆಟ್ಟಿಲ ಮೇಲೆ ನಿಂತು ತನ್ನ ಬಳಿ ಉಳಿದಿದ್ದ ನಕಲಿನ ಕೊನೆಯ ಪುಟವನ್ನು ಓದಿದ. ತಾನು ಬಾಯಲ್ಲಿ ಹೇಳಿ ಹೇಳಿ ತಿದ್ದಿದ ವಾಕ್ಯಗಳು. ಎಲ್ಲರಿಗೂ ತಿಳಿದವು. ಒಂದು ಮಾತೂ ಯಾರಿಗೂ ಕಷ್ಟವಾಗಲಿಲ್ಲ. ಓದುತ್ತಿದ್ದವನಿಗೆ ತನ್ನ ಕನ್ನಡದ ಮೇಲೆಯೇ ಹೇಸಿಗೆಯಾಯಿತು.

"ಇಷ್ಟ್ ಚೆನ್ನಾಗ್ ಬರ್ದವ್ರಲ್ಲ," ಎಂದ ತಿಮ್ಮಯ್ಯ. "ಯಾವಾಗ್ ಬರ್ದಿದ್ದು ಇದು?"

"ಮಾರ್ಚಲ್ಲಿ. ನಾನೇ ಬರ್ದಿದ್ದು."

"ಮತ್ತೆ ಈಗ್ಯಾಕ್ ಓದ್ತೀರಿ? ಈ ಮಹೇಶ ಬಚ್ಚಿಟ್ಟಿದ್ನಾ?"

"ಮಹೇಶಂಗೆ ಬರಲೇ ಇಲ್ಲ. ನಾನೇ ಎತ್ತಿಟ್ಟಿದ್ದೆ. ಏಪ್ರಿಲ್‌ಗೆ ಬೇರೆ ಕೆಲ್ಸದ ದುಡ್ಡಿತ್ತು. ಮೇ ತಿಂಗಳಿಗೆ ಏನೂ ಇರ್ಲಿಲ್ಲ. ಅದಕ್ಕೆ ಇದನ್ನ ಮೇ ತಿಂಗಳಿಗೆ ಅಂತ ಇಟ್ಟೆ."

ತಿಮ್ಮಯ್ಯ ಬಾಯಲ್ಲಿದ್ದ ಎಲೆಅಡಿಕೆಯನ್ನು ಪಕ್ಕಕ್ಕೆ ಉಗಿದು ಮುಖ ತಿರುಗಿಸಿದ. ಕೆಂಚಮ್ಮ ಪುಷ್ಪಾಳನ್ನು ನೋಡಿದಳು.

"ಅವ್ವ, ನಿಮ್ಮನೆ ಡಬ್ಬ?"

"ತೂತಾಗಿರ್ಲಿಲ್ಲ ಕಣೆ ಕೆಂಚಮ್ಮ," ಎಂದಳು ಪುಷ್ಪಾ. ಅಷ್ಟು ದೊಡ್ಡ ಬಾಯಿಯವಳ ದನಿ ಪಿಸುಮಾತಿನಷ್ಟೂ ಇರಲಿಲ್ಲ. "ಇವ್ರು ಇದನ್ನ ಬರ್ದ ದಿನವೇ ಹೂತು ಹಾಕಿದ್ವಿ."

ಕೆಂಚಮ್ಮ ಬೈಯುತ್ತಾಳೆ ಎಂದುಕೊಂಡಿದ್ದ ಮೃತ್ಯುಂಜಯ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಲೆಕ್ಕ ತಪ್ಪಿದವಳ ಹಾಗೆ ಮತ್ತೆ ಮತ್ತೆ ತಲೆಯಾಡಿಸಿದಳು.

"ಪುಸ್ತಕ ಎತ್ತಿಟ್ಕೊಂಡ್ರೆ ಇಟ್ಕೊಳ್ಳಿ ರೈಟ್ರಪ್ಪ, ಅದು ನಿಮ್ ಹೊಟ್ಟೆಪಾಡು. ನಂಗೆ ಓದೋಕೂ ಬರಲ್ಲ. ಆದ್ರೆ ನಾನು ಅವತ್ತು ನಿಮ್ ಜಗಲಿ ಮೇಲೇ ಕೂತಿದ್ನಲ್ಲ. ಆ ಡಬ್ಬ ಬ್ಯಾಡ ಕಣಮ್ಮಿ, ವಿಷ ಐತೆ ಅಂತ ಒಂದ್ ಮಾತು ಬಾಯಲ್ಲಿ ಅಂದಿದ್ರೆ ಆಯ್ತಿತ್ತಲ್ಲ. ಅದಕ್ಕೇನ್ ದುಡ್ಡಾ?"

ಇಷ್ಟು ದಿನ ಮೃತ್ಯುಂಜಯ ತನ್ನನ್ನು ತಾನೇ ಹಾಳೆಗಳ ವಿಷಯಕ್ಕೆ ಬೈದುಕೊಂಡಿದ್ದ. ಜಗಲಿಯ ವಿಷಯ ಅವನಿಗೆ ಹೊಳೆದೇ ಇರಲಿಲ್ಲ. ಹಾಳೆ ಟ್ರಂಕಿಗೆ ಹೋದ ಕೂಡಲೇ ಅದರೊಳಗಿನ ಮಾತೂ ಟ್ರಂಕಿಗೆ ಹೋಗಿತ್ತು.

ಹೆಂಗಸರು ಒಬ್ಬೊಬ್ಬರೇ ಲೈನಿನ ಕಡೆ ನಡೆದರು. ತಿರುಗಿ ಬರುವಾಗ ಕೈಯಲ್ಲಿ, ಕೆಂಚಮ್ಮ ಸರಿಯಾಗಿ ತೊಳೆದಿರಲಿಲ್ಲ ಎಂದುಕೊಂಡು ತಾವು ಇನ್ನೂ ಬಳಸುತ್ತಿದ್ದ ನೀಲಿ ಡಬ್ಬಗಳಿದ್ದವು. ಒಂದರಲ್ಲಿ ಉಪ್ಪು, ಒಂದರಲ್ಲಿ ಹುರುಳಿ, ಒಂದರಲ್ಲಿ ಹೆಪ್ಪು ಹಾಕಿದ ಮೊಸರು. ಕಣದಲ್ಲಿ ಸುರಿದು ಡಬ್ಬ ಎಸೆದರು. ಮೃತ್ಯುಂಜಯ ಮಹೇಶನ ಕೈಯಿಂದ ಗುದ್ದಲಿ ಇಸಿದುಕೊಂಡು ಸ್ಟೋರಿನ ಹಿಂದೆ ಗುಂಡಿ ತೋಡಿದ. ಯಾರೂ ಬೇಡ ಎನ್ನಲಿಲ್ಲ, ಯಾರೂ ಕೈ ಜೋಡಿಸಲೂ ಇಲ್ಲ.

ಕಣದಲ್ಲಿ ಆಡಿದ ಮಾತು ಸಾಹುಕಾರರ ಕಿವಿಗೆ ಬಿದ್ದು ಮಹೇಶನ ಕೆಲಸ ಉಳಿಯಿತು. ಬೆಂಗಳೂರಿನಿಂದ ಫೋನು ಮತ್ತೆ ಬರಲಿಲ್ಲ. ಶಫಿಯೂ ತಾರೀಕಿನ ತಮಾಷೆ ಮಾಡುವುದನ್ನು ಬಿಟ್ಟ. ಮೃತ್ಯುಂಜಯ ಈಗ ಮುಗಿದ ಕೆಲಸವನ್ನು ಮುಗಿದ ದಿನವೇ ಒಯ್ದು ಕೊಡುತ್ತಿದ್ದ. ಟ್ರಂಕಿನಲ್ಲಿ ಪುಷ್ಪಾ ಹಳೆಯ ಸೀರೆ ತುಂಬಿದಳು.

ಕೆಂಚಮ್ಮ ಅವರ ಜಗಲಿಗೆ ಬರುವುದು ನಿಂತುಹೋಯಿತು. ಜೂನ್ ಒಂದನೇ ತಾರೀಕು ಗಂಡಹೆಂಡತಿ ಅಕ್ಕಿ, ಬೇಳೆ, ಎಣ್ಣೆ ಹೊತ್ತುಕೊಂಡು ಲೈನಿಗೆ ಹೋದರು. ಕೆಂಚಮ್ಮ ಬಾಗಿಲಲ್ಲಿ ಕೂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ. ಪುಷ್ಪಾ ಚೀಲವನ್ನು ಹೊಸಲಿನ ಪಕ್ಕ ಇಟ್ಟಳು.

ಅವರು ಹೊರಡಲು ತಿರುಗಿದಾಗ ಕೆಂಚಮ್ಮ ಕೇಳಿದಳು, "ಇದೊಂದ್ ಸಲವಾ, ಇಲ್ಲ ಮುಂದಿನ್ ತಿಂಗಳೂ ತರ್ತೀರಾ? ಬೇಜಾರ್ ಮಾಡ್ಕೋಬೇಡಿ. ಈಗ್ಲೇ ಹೇಳ್ಬುಡಿ. ಬರ್ತೈತೆ ಅಂತ ಗೊತ್ತಿದ್ರೆ ಅಳತೆ ಮಾಡ್ಕೊಂಡು ಉಣ್ಬೋದು."

ಮೃತ್ಯುಂಜಯನ ಮೇಜಿನ ಮೇಲೆ ಅವತ್ತು ಒಂದು ಹಾಳೆಯೂ ಇರಲಿಲ್ಲ. ಮುಂದಿನ ತಿಂಗಳು ಏನು ಬರುತ್ತದೆ, ಬರುತ್ತದೋ ಇಲ್ಲವೋ, ಅವನಿಗೆ ಗೊತ್ತಿರಲಿಲ್ಲ. ಪುಷ್ಪಾ ಅವನ ಮುಖವನ್ನೇ ನೋಡುತ್ತಿದ್ದಳು.

"ಒಂದನೇ ತಾರೀಕು," ಎಂದ ಅವನು. "ಪ್ರತಿ ತಿಂಗಳು."

ಕೆಂಚಮ್ಮ ಆಗಲಿ ಎಂಬಂತೆ ತಲೆಯಾಡಿಸಿ, ನಡುಗುವ ಕೈಯಲ್ಲಿ ಚೀಲವನ್ನು ಒಳಗೆ ಎಳೆದುಕೊಂಡಳು.